ಲಕ್ವಾ ಇಂಜೆಕ್ಷನ್‌ಗೆ ಮೊದಲು ಸೋರಿಕೆ ಸ್ಕ್ಯಾನ್ ಬೇಕೇ?

ಪರ

ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಮೊದಲು ಮೆದುಳಿನ ನಾಳ ಸೋರುತ್ತಿದೆಯೇ ಅಂತ ಸ್ಕ್ಯಾನ್ ಮಾಡಿ ನೋಡಬೇಕು ಅನ್ನುವುದರ ಪರವಾಗಿ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಕಲಬುರಗಿಯ ಒಂದು ಸ್ಕ್ಯಾನ್ ಸೆಂಟರ್‌ನಲ್ಲಿ ನನ್ನ ಕೆಲಸ.

ಮೆದುಳಿನ ರಕ್ತನಾಳಗಳ ಗೋಡೆ ಬಲು ಬಿಗಿ. ರಕ್ತದಲ್ಲಿರುವುದನ್ನೆಲ್ಲ ಅದು ಮೆದುಳಿಗೆ ಬಿಡುವುದಿಲ್ಲ. ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವಾ ಹೊಡೆದಾಗ ಈ ಗೋಡೆ ಸಡಿಲವಾಗುತ್ತದೆ. ಆಮೇಲೆ ಇಂಜೆಕ್ಷನ್‌ನಿಂದ ಹೆಪ್ಪು ಕರಗಿ ರಕ್ತ ನುಗ್ಗಿದರೆ ಒಡೆಯಲೂಬಹುದು. 1995ರ ಅಮೆರಿಕದ ಪ್ರಯೋಗದಲ್ಲಿ ಇಂಜೆಕ್ಷನ್ ಪಡೆದ 100 ಜನರಲ್ಲಿ ಸುಮಾರು 6 ಜನರಿಗೆ ಮೆದುಳಲ್ಲಿ ರಕ್ತಸ್ರಾವವಾಗಿ ಸ್ಥಿತಿ ಕೆಟ್ಟಿತು. ಪಡೆಯದವರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ.

ಸಾದಾ ಸಿಟಿ ಸ್ಕ್ಯಾನ್ ಒಡೆದ ಕೆರೆಯನ್ನು ತೋರಿಸುತ್ತದೆ, ಜಿನುಗುವ ಏರಿಯನ್ನಲ್ಲ. ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ಎದ್ದು ಕಾಣುವ ದ್ರವ) ಕೊಟ್ಟು ರಕ್ತದ ಹರಿವು ನೋಡುವ ಸಿಟಿ ಪರ್ಫ್ಯೂಷನ್ ಅನ್ನು ಒಂದೆರಡು ನಿಮಿಷ ಮುಂದುವರಿಸಿದರೆ, ನಾಳದಿಂದ ಎಷ್ಟು ಸೋರಿತು ಅಂತ ಅಳೆಯಬಹುದು. ಎಂಆರ್‌ಐನಲ್ಲಿ ಗ್ಯಾಡೋಲಿನಿಯಂ ಅನ್ನುವ ಕಾಂಟ್ರಾಸ್ಟ್ ಕೊಟ್ಟೂ ನೋಡುತ್ತಾರೆ, ಅದಕ್ಕೆ ಹೊತ್ತು ಜಾಸ್ತಿ. ಎಷ್ಟು ಸೋರಿದರೆ ಇಂಜೆಕ್ಷನ್ ಬೇಡ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಗೆರೆ ಇನ್ನೂ ಇಲ್ಲ. ಇದನ್ನು ನಾನು ಹೇಳಬಾರದಿತ್ತೇನೋ. ಆದರೂ ತಡವಾಗಿ ಬಂದವರಿಗೆ ಉಪಯೋಗವಾಗಬಹುದು.

ವಿರೋಧ

ಸ್ಕ್ಯಾನ್ ಸೆಂಟರ್‌ನವರಿಗೆ ಇನ್ನೊಂದು ಸ್ಕ್ಯಾನ್ ಬೇಕೇ ಬೇಕು, ಅಲ್ವಾ?

ನಮ್ಮದು ಜೇವರ್ಗಿ ತಾಲ್ಲೂಕಿನ ಹಳ್ಳಿ. ಎರಡು ವರ್ಷದ ಹಿಂದೆ ಬೆಳಿಗ್ಗೆ ಏಳಕ್ಕೆ ಅಪ್ಪನ ಕೈಯಿಂದ ಚಹಾದ ಬಸಿ ಜಾರಿತು. ಬಾಯಿ ಸೊಟ್ಟಾಯಿತು. ಕಾಕಾ ನಾಟಿ ಔಷಧ ಕೊಡಿಸೋಣ ಅಂದರು. ಅದರಲ್ಲೇ ಒಂದು ತಾಸು ಹೋಯಿತು. ಜೀಪು ಹುಡುಕಿ ಕಲಬುರಗಿ ಮುಟ್ಟಿದಾಗ ಹತ್ತು. ಹೆಸರು ಬರೆಸು, ದುಡ್ಡು ಕಟ್ಟು, ಸ್ಟ್ರೆಚರ್ ಹುಡುಕು. ಸಿಟಿ ಆಪರೇಟರ್ ನಾಷ್ಟಾಕ್ಕೆ ಹೋಗಿದ್ದ! ಇಂಜೆಕ್ಷನ್ ಬಿದ್ದಾಗ ಹನ್ನೊಂದು ಗಂಟೆ ಹತ್ತು ನಿಮಿಷ. ಗಡುವು ಲಕ್ವಾ ಹೊಡೆದಾಗಿನಿಂದ ನಾಲ್ಕೂವರೆ ತಾಸು. ಉಳಿದದ್ದು 20 ನಿಮಿಷ.

ಆಗ ಯಾರಾದರೂ ಎಂಆರ್‌ಐ ಅಂದಿದ್ದರೆ? ಮೆಷಿನ್‌ಗೆ ಕಾಯಬೇಕು. ಕಿಡ್ನಿ ತೀರಾ ಕೆಟ್ಟಿದ್ದರೆ ಗ್ಯಾಡೋಲಿನಿಯಂ ಕೊಡಲು ಹಿಂದೆಮುಂದೆ ನೋಡಬೇಕು. ಒದ್ದಾಡುವ ಅಪ್ಪ ಅಲುಗಾಡದೆ ಮಲಗಬೇಕು. ದೊಡ್ಡ ನಾಳ ಕಟ್ಟಿಕೊಂಡರೆ ನಿಮಿಷಕ್ಕೆ 19 ಲಕ್ಷ ನರಕೋಶ ಸಾಯುತ್ತವೆ ಅಂತ 2006ರಲ್ಲೇ ಲೆಕ್ಕ ಹಾಕಿದ್ದಾರೆ. ನಿಮಿಷಕ್ಕೆ! ಏರಿ ಜಿನುಗುತ್ತದೋ ಅಂತ ನೋಡುತ್ತ ನಿಂತರೆ ಹೊಲ ಒಣಗುತ್ತದೆ.

ರಕ್ತಸ್ರಾವದ ಭಯ ನನಗೂ ಇತ್ತು. ಡಾಕ್ಟರು ಎಲ್ಲ ಹೇಳಿಯೇ ಸಹಿ ಕೇಳಿದರು. ಕೈ ನಡುಗುತ್ತಿತ್ತು, ಹಾಕಿದೆ.

ಅಪ್ಪ ಈಗ ಕೋಲು ಹಿಡಿದು ತೊಗರಿ ಹೊಲದ ಬದುವಿನವರೆಗೆ ಹೋಗಿ ಬರುತ್ತಾರೆ. ರೊಟ್ಟಿ ಬಲಗೈಯಲ್ಲೇ ಮುರಿಯುತ್ತಾರೆ. ಚಹಾ ಮಾತ್ರ ಅವ್ವ ಬಸಿಯಲ್ಲಿ ಕೊಡುವುದಿಲ್ಲ, ಸ್ಟೀಲ್ ಲೋಟದಲ್ಲಿ ಕೊಡುತ್ತಾಳೆ.