ರ‍್ಯಾಂಬೋ ಅತ್ತಿದ್ದು ಯಾರಿಗೂ ನೆನಪಿಲ್ಲ

ಹೋದ ಭಾನುವಾರ ನಮ್ಮ ಮನೆಯಲ್ಲಿ ‘ಫಸ್ಟ್ ಬ್ಲಡ್’ ಹಾಕಿದ್ದೆವು. 1982ರ ಸಿನಿಮಾ. ಈ ಹೆಸರು ಗೊತ್ತಿಲ್ಲದವರಿಗೂ ರ‍್ಯಾಂಬೋ ಅಂದರೆ ಗೊತ್ತು. ನಮ್ಮ ಬಳ್ಳಾರಿಯಲ್ಲಿ ಸ್ವಲ್ಪ ತೋಳು ಬೆಳೆಸಿದ ಹುಡುಗ ಕಂಡರೆ ಸಾಕು, ‘ಏನಲೇ ರ‍್ಯಾಂಬೋ’ ಅಂತ ಕರೀತಾರೆ. ಆ ಹೆಸರು ಹುಟ್ಟಿದ್ದು ಈ ಸಿನಿಮಾದಲ್ಲಿ ಅಲ್ಲ, ಒಂದು ಕಾದಂಬರಿಯಲ್ಲಿ. ಡೇವಿಡ್ ಮೊರೆಲ್ 1972ರಲ್ಲಿ ಬರೆದದ್ದು. ಈ ವರ್ಷ ಅದನ್ನ ತರಿಸಿಕೊಂಡು ಓದಿದೆ. ಆಮೇಲೆ ಸಿನಿಮಾ ಮತ್ತೆ ನೋಡಬೇಕು ಅನ್ನಿಸಿತು. ಒಬ್ಬನೇ ನೋಡೋಕೆ ಮನಸ್ಸಾಗಲಿಲ್ಲ, ನಾಲ್ಕು ಜನರನ್ನ ಕರೆದೆ.

ಬಂದವರು ನನ್ನ ಇಬ್ಬರು ಗೆಳೆಯರು, ಅಕ್ಕನ ಮಗ, ಮತ್ತೆ ನಮ್ಮ ಓಣಿಯ ಮಿಲಿಟ್ರಿ ಮಾವ. ಮಾವ ಸೈನ್ಯದಲ್ಲಿ ಇದ್ದು ಬಂದವರು. ಈಗ ಒಂದು ಬಟ್ಟೆ ಅಂಗಡಿಯಲ್ಲಿ ರಾತ್ರಿ ಪಾಳಿ ಸೆಕ್ಯುರಿಟಿ. ಓಣಿಯಲ್ಲಿ ಅವರ ಹೆಸರು ಹಿಡಿದು ಯಾರೂ ಕರೆಯಲ್ಲ, ಎಲ್ಲರಿಗೂ ಮಿಲಿಟ್ರಿ ಮಾವನೇ. ಮಧ್ಯಾಹ್ನ ಮೂರು ಗಂಟೆ, ಹೊರಗೆ ಕಾಲಿಡೋಕೆ ಆಗದ ಬಿಸಿಲು. ಕೂಲರ್‌ಗೆ ನೀರು ತುಂಬಿಸಿ, ಮಂಡಕ್ಕಿ ವಗ್ಗರಣೆ, ಮಿರ್ಚಿ ತಂದಿಟ್ಟುಕೊಂಡು ಕೂತೆವು.

ಕಥೆ ಗೊತ್ತಿಲ್ಲದವರಿಗೆ ಇಷ್ಟು ಹೇಳ್ತೀನಿ. ವಿಯೆಟ್ನಾಂ ಯುದ್ಧದಿಂದ ಬಂದ ಒಬ್ಬ ಸೈನಿಕ, ಹೆಗಲಿಗೊಂದು ಚೀಲ, ಉದ್ದ ಕೂದಲು, ಯಾವುದೋ ಸಣ್ಣ ಊರಿಗೆ ನಡೆದು ಬರುತ್ತಾನೆ. ಊರಿನ ಪೊಲೀಸ್ ಅಧಿಕಾರಿ ಟೀಸಲ್‌ಗೆ ಅವನ ವೇಷ ಹಿಡಿಸಲ್ಲ. ಗಾಡಿಯಲ್ಲಿ ಕೂರಿಸಿಕೊಂಡು ಊರಾಚೆ ಬಿಟ್ಟು ಬರುತ್ತಾನೆ. ಅವನು ವಾಪಸ್ ತಿರುಗುತ್ತಾನೆ. ಹಿಡಿದು ಒಳಗೆ ಹಾಕ್ತಾರೆ, ಹೊಡೀತಾರೆ. ಅವನು ತಪ್ಪಿಸಿಕೊಂಡು ಕಾಡು ಸೇರುತ್ತಾನೆ. ಉಳಿದದ್ದೆಲ್ಲ ಬೇಟೆ.

ಸಿನಿಮಾ ಮುಗಿದ ಮೇಲೆ ಅಕ್ಕನ ಮಗ ಮೊದಲು ಬಾಯಿ ಬಿಟ್ಟ. ಪಿಯುಸಿ ಹುಡುಗ. “ಮಾಮ, ಇಷ್ಟು ಹೊಡೆದಾಟ ಮಾಡಿ ಒಬ್ಬನೇ ಸತ್ತಿದ್ದಾ? ಇದೇನು ಆಕ್ಷನ್ ಸಿನಿಮಾನಾ?”

ಅವನ ಲೆಕ್ಕ ಸರಿ. ಇಡೀ ಸಿನಿಮಾದಲ್ಲಿ ನಮ್ಮ ಕಣ್ಣೆದುರು ಸಾಯೋನು ಒಬ್ಬನೇ. ಗಾಲ್ಟ್ ಅನ್ನೋ ಪೊಲೀಸ್. ಬಂಡೆಗೆ ಅಂಟಿಕೊಂಡಿರೋ ರ‍್ಯಾಂಬೋಗೆ ಹೆಲಿಕಾಪ್ಟರ್‌ನಿಂದ ಗುಂಡು ಹೊಡೀತಿರುತ್ತಾನೆ. ಇವನು ತಡೆಯಲಾರದೆ ಒಂದು ಕಲ್ಲು ಬೀಸುತ್ತಾನೆ, ಹೆಲಿಕಾಪ್ಟರ್ ಅಲುಗಾಡಿ ಗಾಲ್ಟ್ ಕೆಳಗೆ ಬೀಳುತ್ತಾನೆ. ಅಷ್ಟೇ. ಉಳಿದವರನ್ನೆಲ್ಲ ಗಾಯ ಮಾಡಿ ಬಿಡುತ್ತಾನೆ. ಕಾದಂಬರಿಯಲ್ಲಿ ಹೀಗಿಲ್ಲ. ಅಲ್ಲಿ ಗಾಲ್ಟ್ ಠಾಣೆಯಲ್ಲೇ ಸಾಯುತ್ತಾನೆ, ರ‍್ಯಾಂಬೋನನ್ನ ಬೋಳಿಸೋಕೆ ತಂದ ರೇಜರ್‌ನಿಂದ. ಕಾಡಿಗೆ ಹೋದವರಲ್ಲಿ ಸುಮಾರು ಜನ ಮನೆಗೆ ವಾಪಸ್ ಬರಲ್ಲ. ಓದುವಾಗ ನನಗೆ ರ‍್ಯಾಂಬೋ ಮೇಲೆ ಕನಿಕರಕ್ಕಿಂತ ಭಯ ಜಾಸ್ತಿ ಆಗಿತ್ತು.

ಈ ವಿಷಯದಲ್ಲಿ ನಾನು ಸಿನಿಮಾದ ಕಡೆ. ಪುಸ್ತಕ ಓದಿದವರು ಸಾಮಾನ್ಯವಾಗಿ ‘ಸಿನಿಮಾದವರು ಕಥೆ ತೆಳ್ಳಗೆ ಮಾಡಿದ್ರು’ ಅಂತಾರೆ. ಹೆಣ ಕಡಿಮೆ ಮಾಡಿದ್ದು ತೆಳ್ಳಗೆ ಮಾಡಿದ ಹಾಗಲ್ಲ. ನಿರ್ದೇಶಕ ಟೆಡ್ ಕೊಚೆಫ್ ಮಾಡಿದ ಒಳ್ಳೆ ಕೆಲಸ ಅಂದರೆ ಇದೇ. ಕೊಲ್ಲೋಕೆ ತರಬೇತಿ ಪಡೆದವನು, ಕೊಲ್ಲೋ ಅವಕಾಶ ಕೈಯಲ್ಲಿದ್ದವನು, ಕೊಲ್ಲದೆ ಬಿಡ್ತಾನೆ. ಟೀಸಲ್ ಕುತ್ತಿಗೆಗೆ ಚಾಕು ಹಿಡಿದು ಸುಮ್ನೆ ಬಿಟ್ಟುಬಿಡು ಅನ್ನುತ್ತಾನಲ್ಲ, ಆ ದೃಶ್ಯದ ಬಿಗಿ ನೂರು ಹೆಣ ಬಿದ್ದರೂ ಬರಲ್ಲ. ಈಗ ಬರೋ ಸಿನಿಮಾಗಳಲ್ಲಿ ಇಂಟರ್ವಲ್‌ಗೆ ಮುಂಚೆನೇ ಐವತ್ತು ಜನ ಬಿದ್ದಿರುತ್ತಾರೆ. ಅವರಲ್ಲಿ ಒಬ್ಬನ ಮುಖನಾದ್ರೂ ನೆನಪಿರುತ್ತಾ? ಗಾಲ್ಟ್ ಮುಖ ನನಗೆ ನೆನಪಿದೆ.

ಗೆಳೆಯನೊಬ್ಬ ಜೀನ್ಸ್ ಘಟಕದಲ್ಲಿ ಹೊಲಿಯೋನು. ಅವನ ಕಣ್ಣು ಬಿದ್ದದ್ದೇ ಬೇರೆ ಕಡೆ. ಕಾಡಿನಲ್ಲಿ ರ‍್ಯಾಂಬೋ ತನ್ನ ತೋಳಿನ ಗಾಯ ತಾನೇ ಹೊಲಿದುಕೊಳ್ಳುತ್ತಾನೆ. ಚಾಕುವಿನ ಹಿಡಿಯೊಳಗಿಂದ ಸೂಜಿ ದಾರ ತೆಗೆದು. “ಒಂದೇ ಕೈಯಾಗ ಹೊಲಿಗೆ ಹಾಕೋದು ಎಷ್ಟು ಕಷ್ಟ ಗೊತ್ತೇನಪಾ? ಬಟ್ಟೆ ಆದ್ರೂ ಜಾರ್ತೈತೆ” ಅಂದ. ಆ ದೃಶ್ಯ ಇನ್ನೊಂದು ಸಲ ಹಾಕಿಸಿಕೊಂಡು ನೋಡಿದ. ದಿನಾ ಸೂಜಿ ಹಿಡಿಯೋನಿಗೆ ಕಾಣೋದು ನಮಗೆ ಕಾಣಲ್ಲ.

ಮಿಲಿಟ್ರಿ ಮಾವ ಏನೂ ಹೇಳಲಿಲ್ಲ. ಅವರ ವಿಷಯಕ್ಕೆ ಆಮೇಲೆ ಬರ್ತೀನಿ.

ನನಗೆ ಸಿನಿಮಾದ ಮೇಲೆ ಒಂದು ದೊಡ್ಡ ತಕರಾರಿದೆ. ಟೀಸಲ್. ಸಿನಿಮಾದಲ್ಲಿ ಅವನು ಸೊಕ್ಕಿನ ಪೊಲೀಸ್. ಬ್ರಯಾನ್ ಡೆನ್ನೆಹಿ ಚೆನ್ನಾಗಿ ಮಾಡಿದ್ದಾನೆ, ಅದು ಬೇರೆ ಮಾತು. ನಾವೆಲ್ಲ ಅಂಥ ಒಬ್ಬನನ್ನ ಎಲ್ಲಾದರೂ ನೋಡಿರ್ತೀವಿ, ಹಾಗಾಗಿ ದ್ವೇಷಿಸೋದು ಸುಲಭ. ಕಾದಂಬರಿಯಲ್ಲಿ ಅವನೂ ಯುದ್ಧ ಮಾಡಿದವನು. ಕೊರಿಯಾ ಯುದ್ಧದಲ್ಲಿ ದೊಡ್ಡ ಪದಕ ಪಡೆದವನು. ಹೆಂಡತಿ ಬಿಟ್ಟು ಹೋಗಿದ್ದಾಳೆ, ಮನೆ ಖಾಲಿ. ಮೊರೆಲ್ ಒಂದು ಭಾಗ ರ‍್ಯಾಂಬೋ ಕಣ್ಣಿಂದ ಬರೆದರೆ ಇನ್ನೊಂದು ಭಾಗ ಟೀಸಲ್ ಕಣ್ಣಿಂದ ಬರೀತಾರೆ. ಓದ್ತಾ ಓದ್ತಾ ಯಾರ ಕಡೆ ನಿಲ್ಲಬೇಕು ಅಂತ ಗೊತ್ತಾಗಲ್ಲ. ರ‍್ಯಾಂಬೋ ಓಡುವಾಗ ಅವನು ತಪ್ಪಿಸಿಕೊಳ್ಳಲಿ ಅನ್ನಿಸುತ್ತೆ. ಟೀಸಲ್ ಪಾಳಿ ಬಂದಾಗ ಪಾಪ ಇವನಿಗೂ ಏನೂ ಆಗದಿರಲಿ ಅನ್ನಿಸುತ್ತೆ. ಹಿಂದಿನ ಯುದ್ಧದ ಸೈನಿಕ, ಈಗಿನ ಯುದ್ಧದ ಸೈನಿಕ, ಇಬ್ಬರೂ ಒಬ್ಬರನ್ನೊಬ್ಬರು ಗುರುತು ಹಿಡಿಯದೆ ಸಾಯಿಸೋಕೆ ಹೊರಟಿದ್ದಾರೆ. ಒಬ್ಬನಿಗೆ ಸನ್ಮಾನ ಸಿಕ್ಕಿತ್ತು, ಇನ್ನೊಬ್ಬನಿಗೆ ಊರು ಬಿಟ್ಟು ಹೋಗು ಅನ್ನೋ ಮಾತು ಸಿಕ್ಕಿತು. ಎಷ್ಟು ದೊಡ್ಡ ವಿಷಯ ಅಲ್ವಾ ಇದು? ಸಿನಿಮಾದಲ್ಲಿ ಅದಕ್ಕೆ ಉಳಿದದ್ದು ಟೀಸಲ್ ಆಫೀಸಿನಲ್ಲಿ ಇಟ್ಟಿರೋ ಪದಕಗಳು ಮಾತ್ರ. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಹೋಗಿಬಿಡುತ್ತೆ.

ಒಂದೂವರೆ ಗಂಟೆಯ ಸಿನಿಮಾದಲ್ಲಿ ಎಲ್ಲ ಹಿಡಿಸಲ್ಲ, ಒಪ್ತೀನಿ. ಆದ್ರೂ ಹತ್ತು ನಿಮಿಷ ಟೀಸಲ್‌ಗೆ ಕೊಟ್ಟಿದ್ದರೆ ಅದು ಬೇರೆ ಎತ್ತರದ ಸಿನಿಮಾ ಆಗ್ತಿತ್ತು.

ಇನ್ನು ಕೊನೆಯ ವಿಷಯ. ಎಲ್ಲರೂ ಜಗಳ ಆಡೋದು ಅದಕ್ಕೇ.

ಕಾದಂಬರಿಯಲ್ಲಿ ರ‍್ಯಾಂಬೋ ಸಾಯುತ್ತಾನೆ. ಕೊಲ್ಲೋದು ಟ್ರಾಟ್‌ಮನ್, ಅಂದರೆ ಅವನಂಥವರನ್ನ ತಯಾರು ಮಾಡಿದ ಅಧಿಕಾರಿಯೇ. ಟೀಸಲ್ ಕೂಡ ಉಳಿಯಲ್ಲ. ಸಿನಿಮಾದಲ್ಲೂ ಮೊದಲು ರ‍್ಯಾಂಬೋ ಸಾಯೋ ಹಾಗೇ ಚಿತ್ರೀಕರಿಸಿದ್ದರು. ಪ್ರಯೋಗಕ್ಕೆ ಅಂತ ತೋರಿಸಿದಾಗ ಪ್ರೇಕ್ಷಕರು ಒಪ್ಪಲಿಲ್ಲ. ಇಷ್ಟೆಲ್ಲ ಅನುಭವಿಸಿದವನನ್ನ ಕೊನೆಗೂ ಸಾಯಿಸ್ತೀರಾ ಅಂತ ಸಿಟ್ಟಾದರು. ಹಾಗಾಗಿ ಬದುಕೋ ಕೊನೆಯೇ ಉಳಿಯಿತು. ಅದಕ್ಕೂ ಮುಂಚೆ ಟ್ರಾಟ್‌ಮನ್ ಪಾತ್ರಕ್ಕೆ ಕಿರ್ಕ್ ಡಗ್ಲಸ್ ಬಂದಿದ್ದರು. ಪುಸ್ತಕದಲ್ಲಿರೋ ಹಾಗೆ ರ‍್ಯಾಂಬೋ ಸಾಯಲೇಬೇಕು ಅಂತ ಪಟ್ಟು ಹಿಡಿದು ಹೊರಗೆ ಹೋದರು. ಆ ಜಾಗಕ್ಕೆ ರಿಚರ್ಡ್ ಕ್ರೆನ್ನಾ ಬಂದರು.

ಇದನ್ನ ಓದಿದಾಗ ನನಗೆ ನೆನಪಾದದ್ದು ನಮ್ಮ ‘ನಾಗರಹಾವು’. ಅದೂ 1972. ತರಾಸು ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ್ದು. ಅಲ್ಲೂ ಯಾರ ಹಿಡಿತಕ್ಕೂ ಸಿಗದ ಒಬ್ಬ ಸಿಟ್ಟಿನ ಹುಡುಗ. ಅವನನ್ನ ಹಿಡಿದು ನಿಲ್ಲಿಸೋಕೆ ಆಗೋದು ಒಬ್ಬರಿಗೇ, ಚಾಮಯ್ಯ ಮೇಷ್ಟ್ರಿಗೆ. ರ‍್ಯಾಂಬೋಗೆ ಟ್ರಾಟ್‌ಮನ್ ಹೇಗೋ ರಾಮಾಚಾರಿಗೆ ಮೇಷ್ಟ್ರು ಹಾಗೆ. ಚಿತ್ರದುರ್ಗದ ಬೆಟ್ಟದಿಂದ ಮೇಷ್ಟ್ರು ಬಿದ್ದ ಮೇಲೆ ರಾಮಾಚಾರಿ, ಮಾರ್ಗರೆಟ್ ಇಬ್ಬರೂ ಹಾರುತ್ತಾರೆ. ಆ ಸಾವನ್ನ ಕನ್ನಡದ ಜನ ಒಪ್ಪಿಕೊಂಡರು. ಅತ್ತರು, ಮತ್ತೆ ಟಿಕೆಟ್ ತಗೊಂಡು ಹೋಗಿ ಅತ್ತರು. ತರಾಸು ಮಾತ್ರ ನನ್ನ ನಾಗರಹಾವನ್ನ ಕೇರೆಹಾವು ಮಾಡಿದ್ದಾರೆ ಅಂದರು ಅನ್ನೋ ಮಾತು ಇವತ್ತಿಗೂ ಓಡಾಡ್ತಾ ಇದೆ. ಬರೆದವರ ನೋವು ನನಗೆ ಅರ್ಥ ಆಗುತ್ತೆ. ಆದರೆ ನಮ್ಮ ಅಪ್ಪನಿಗೆ ರಾಮಾಚಾರಿ ಮನೆ ಹುಡುಗನ ಹಾಗೆ. ಅಪ್ಪ ಆ ಕಾದಂಬರಿ ಓದಿಲ್ಲ. ಅವರ ಪ್ರೀತಿ ಕಡಿಮೆ ತೂಕದ್ದು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.

ಹಾಗಾದರೆ ರ‍್ಯಾಂಬೋ ಬದುಕಿದ್ದು ಸರಿನಾ ತಪ್ಪಾ? ಮೊದಲು ನಾನು ತಪ್ಪು ಅಂತಿದ್ದೆ. ಪುಸ್ತಕ ಮುಗಿಸಿದ ರಾತ್ರಿ ನಿದ್ದೆ ಬಂದಿರಲಿಲ್ಲ, ಆ ಭಾರ ಸಿನಿಮಾದಲ್ಲಿ ಇಲ್ಲ ಅಂತ ವಾದ ಮಾಡ್ತಿದ್ದೆ. ಈಗ ಬೇರೆ ಅನ್ನಿಸ್ತಿದೆ. ಅವತ್ತು ಆ ಪ್ರೇಕ್ಷಕರು ಬೇಡ ಅಂದದ್ದು ಮರುಕದಿಂದ. ಅವನ ಅಳು ನೋಡಿ ಅವರ ಮನಸ್ಸು ಕರಗಿತ್ತು. ಅದರಲ್ಲಿ ತಪ್ಪಿಲ್ಲ.

ತಪ್ಪಾದದ್ದು ಆಮೇಲೆ. ಬದುಕಿ ಉಳಿದವನ ಕೈಗೆ 1985ರಲ್ಲಿ ಬಿಲ್ಲು ಬಾಣ ಕೊಟ್ಟು ಮತ್ತೆ ವಿಯೆಟ್ನಾಂಗೆ ಕಳಿಸಿದರು. 1988ರಲ್ಲಿ ಅಫ್ಘಾನಿಸ್ತಾನಕ್ಕೆ. ಯುದ್ಧದಿಂದ ಮುರಿದು ಬಂದವನನ್ನ ಯುದ್ಧದ ಪೋಸ್ಟರ್ ಮಾಡಿದರು. ನಮಗೆ ನೆನಪಿರೋದು ಆ ರ‍್ಯಾಂಬೋ. ತಲೆಗೆ ಕೆಂಪು ಪಟ್ಟಿ, ಹೊಳೆಯೋ ಮೈ, ಕೈಯಲ್ಲಿ ದೊಡ್ಡ ಮಷಿನ್ ಗನ್. ತೆಲುಗು ಡಬ್ಬಿಂಗ್‌ನಲ್ಲಿ ನಾವು ಚಪ್ಪಾಳೆ ಹೊಡೆದದ್ದೂ ಅವನಿಗೇ. ನಾನೂ ಹೊಡೆದಿದ್ದೀನಿ. ಮೊದಲ ಸಿನಿಮಾದ ಕೊನೆಯಲ್ಲಿ ಅವನು ನೆಲದ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅಳೋದು ಯಾರಿಗೂ ನೆನಪಿಲ್ಲ. ಅವತ್ತು ಮಾವನನ್ನ ಬಿಟ್ಟು ಉಳಿದ ಮೂವರನ್ನೂ ಕೇಳಿದೆ. ಮೂವರೂ ಇದನ್ನ ಮುಂಚೆ ನೋಡಿದವರೇ. ಮೂವರಿಗೂ ಅಳು ನೆನಪಿರಲಿಲ್ಲ.

ದಯವಿಟ್ಟು ಆ ಕೊನೆಯ ಐದು ನಿಮಿಷ ನೋಡಿ. ಹೊಡೆದಾಟ ಮುಗೀತು ಅಂತ ಎದ್ದು ಹೋಗಬೇಡಿ. ಬಾಂಬಿಗೆ ಸಿಕ್ಕಿ ಸತ್ತ ಗೆಳೆಯನ ಬಗ್ಗೆ ಹೇಳ್ತಾನೆ. ಅಲ್ಲಿ ಹೆಲಿಕಾಪ್ಟರ್, ಟ್ಯಾಂಕ್ ನನ್ನ ಕೈಗೆ ಕೊಡ್ತಿದ್ರು, ಇಲ್ಲಿ ಬಂದ್ರೆ ಕಾರು ನಿಲ್ಲಿಸೋ ಕೆಲಸದಲ್ಲೂ ನನ್ನನ್ನ ಇಟ್ಕೊಳ್ಳಲ್ಲ ಅಂತ ಅಳ್ತಾನೆ. ರ‍್ಯಾಂಬೋ ಪಾತ್ರ ಮಾಡಿದ ಸ್ಟಾಲೋನ್ ಮಾತು ಅರ್ಧ ಅರ್ಥ ಆಗಲ್ಲ. ಆಗಬೇಕಾಗೂ ಇಲ್ಲ.

ಈಗ ಮಾವನ ವಿಷಯ.

ಸಿನಿಮಾದ ಶುರುವಲ್ಲಿ ಟೀಸಲ್ ಅವನನ್ನ ಸೇತುವೆ ದಾಟಿಸಿ ಇಳಿಸಿ ಹೋಗುತ್ತಾನೆ. ರ‍್ಯಾಂಬೋ ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಆಮೇಲೆ ಊರಿನ ಕಡೆಗೇ ತಿರುಗಿ ನಡೀತಾನೆ. ಅಲ್ಲಿ ಮಾವ ಮಂಡಕ್ಕಿ ತಿನ್ನೋದು ನಿಲ್ಲಿಸಿದರು. ಕೈಯಲ್ಲಿದ್ದ ಮಿರ್ಚಿ ತಟ್ಟೆಗೆ ಇಟ್ಟರು. ಸಿನಿಮಾ ಮುಗಿಯೋವರೆಗೂ ಮತ್ತೆ ಮುಟ್ಟಲಿಲ್ಲ.

ಕಾರು ನಿಲ್ಲಿಸೋ ಕೆಲಸದ ಮಾತು ಬಂದಾಗ ನಾನು ಟಿವಿ ಬಿಟ್ಟು ಅವರ ಕಡೆ ನೋಡಿದೆ. ನೋಡಬಾರದಿತ್ತು. ಅಂಗಡಿ ಮುಂದೆ ರಾತ್ರಿ ಒಂಬತ್ತರವರೆಗೆ ಗಿರಾಕಿಗಳ ಗಾಡಿ ಸಾಲು ಹಚ್ಚೋದೂ ಅವರ ಕೆಲಸವೇ. ಎಷ್ಟೋ ಸಲ ನಮ್ಮ ಗಾಡಿಯನ್ನೂ ಅವರೇ ತಳ್ಳಿ ನಿಲ್ಲಿಸಿದ್ದಾರೆ.

ಉಳಿದವರು ಹೋದ ಮೇಲೆ ಮಾವ ಕೇಳಿದರು. “ಬುಕ್ಕಿನಾಗ ಆ ಹುಡುಗನ್ನ ಏನು ಮಾಡ್ಯಾರ?”

“ಸಾಯಿಸಿದ್ದಾರೆ ಮಾವ.”

“ಆ ಪೊಲೀಸು?”

“ಅವನೂ ಸಾಯ್ತಾನೆ. ಬುಕ್ಕಲ್ಲಿ ಅವನೂ ಮಿಲಿಟ್ರಿಯಿಂದ ಬಂದವನೇ.”

ಮಾವ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, “ಅವನೂ ನಮ್ಮವನೇ ಅಂತ ಸಿನಿಮಾದಾಗ ಯಾಕ ಹೇಳಲಿಲ್ಲ?” ಅಂದರು. ನಾನು ಮೂರು ವಾರ ಪುಸ್ತಕ ಓದಿ, ತಲೆ ಕೆಡಿಸಿಕೊಂಡು ಹಿಡಿದ ತಕರಾರು, ಮಾವ ಒಂದೇ ಮಾತಿಗೆ ಹಿಡಿದರು.

ಡ್ಯೂಟಿಗೆ ಹೊತ್ತಾಯ್ತು ಅಂತ ಎದ್ದರು. ಬಾಗಿಲ ಹತ್ತಿರ ಬೂಟು ಕಟ್ಟಿಕೊಳ್ತಾ ಆ ಬುಕ್ ಕೊಡು ಅಂದರು. ಇಂಗ್ಲಿಷ್ ಐತೆ ಮಾವ ಅಂದೆ. ಮಗಳ ಕೈಲಿ ಓದಿಸಿಕೊಳ್ತೀನಿ ಅಂದರು. ಅವಳು ಡಿಗ್ರಿ ಓದ್ತಿದ್ದಾಳೆ. ದಿನಾ ಬೆಳಗ್ಗೆ ಮಾವ ಪಾಳಿ ಮುಗಿಸಿ ಬಂದು ಚಹಾ ಕುಡಿಯುವಾಗ ನಾಲ್ಕೈದು ಪುಟ ಓದಿ ಕನ್ನಡದಲ್ಲಿ ಹೇಳ್ತಾಳಂತೆ. ನಿನ್ನೆ ಸಿಕ್ಕಿದ್ದಳು, ಎಲ್ಲಿಗೆ ಬಂತಮ್ಮ ಅಂತ ಕೇಳಿದೆ. ಇನ್ನೂ ಕಾಡಿಗೆ ಹೊಕ್ಕಿಲ್ಲ ಅಣ್ಣ, ಟೀಸಲ್ ಬಂದಲ್ಲೆಲ್ಲ ಅಪ್ಪ ಎರಡೆರಡು ಸಲ ಓದಿಸ್ತಾರೆ ಅಂದಳು.