ತಾರೀಖಿನ ದಿನದ ಬಡವ

ನಮ್ಮ ಬೀದಿಯಲ್ಲೊಬ್ಬ ಶ್ರೀಮಂತರಿದ್ದಾರೆ. ಅವರ ಶ್ರೀಮಂತಿಕೆಗೆ ಆಗಾಗ ಒಂದು ದಿನದ ರಜೆ. ಕೌಟುಂಬಿಕ ನ್ಯಾಯಾಲಯದಲ್ಲಿ ತಾರೀಖಿರುವ ದಿನ ಅದು. ಅಂದು ಗಡ್ಡ ತೆಗೆಯುವುದಿಲ್ಲ, ಇಸ್ತ್ರಿ ಬಟ್ಟೆ ಮುಟ್ಟುವುದಿಲ್ಲ. ಕಾರು ಕೋರ್ಟಿನಿಂದ ಎರಡು ರಸ್ತೆ ಆಚೆ, ಎಳನೀರಿನವನ ಪಕ್ಕ ನಿಲ್ಲುತ್ತದೆ. ಅಲ್ಲಿಂದ ಹವಾಯಿ ಚಪ್ಪಲಿ ಪಟಪಟ ಅನ್ನಿಸುತ್ತಾ ನಡಿಗೆ. ಉಂಗುರ ಡ್ಯಾಶ್‌ಬೋರ್ಡಿನಲ್ಲಿ ಭದ್ರ. ಆದರೆ ಉಂಗುರವಿದ್ದ ಬೆರಳಿನ ಬಿಳಿ ಪಟ್ಟೆಯನ್ನು ಬಿಚ್ಚಿಡಲು ಬರುವುದಿಲ್ಲವಲ್ಲ. ಹಾಗಾಗಿ ಆ ಕೈ ಜೇಬಿನೊಳಗೇ ಇರುತ್ತದೆ, ನ್ಯಾಯಾಧೀಶರಿಗೆ ಒಂಟಿ ಕೈಯ ನಮಸ್ಕಾರ.

ಮಗಳ ಜೀವನಾಂಶದ ಕೇಸು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 125ನೇ ಸೆಕ್ಷನ್. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದು 144 ಆಯಿತು. ನಮ್ಮ ಜನಕ್ಕೆ 144 ಅಂದರೆ ಗುಂಪುಗೂಡಬಾರದು ಅಂತಲೇ ಲೆಕ್ಕ. ಇವರೂ ಹಾಗೇ ಅರ್ಥ ಮಾಡಿಕೊಂಡಂತಿದೆ. ಆಸ್ತಿಗಳನ್ನೆಲ್ಲ ಒಂದೇ ಹೆಸರಿನಲ್ಲಿ ಗುಂಪುಗೂಡಲು ಬಿಡದೆ ಚದುರಿಸಿಬಿಟ್ಟಿದ್ದಾರೆ. ಮನೆ ಅಮ್ಮನ ಹೆಸರಿಗೆ, ಅಂಗಡಿ ಭಾವನ ಹೆಸರಿಗೆ, ಕಾರು ಗೆಳೆಯನದು. ಆಸ್ತಿ, ಸಾಲ ಎರಡನ್ನೂ ಅಫಿಡವಿಟ್ಟಿನಲ್ಲಿ ಬರೆದುಕೊಡಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಬರೆದುಕೊಟ್ಟರು. ಸ್ವಂತ ಹೆಸರಿನಲ್ಲಿ ಸಾಲವೊಂದೇ ಇತ್ತು.

"ಬೂಟಿಗೆ ಇಷ್ಟೊಂದು ದುಡ್ಡೇ? ನಾವೆಲ್ಲ ಬರಿಗಾಲಲ್ಲಿ ಸ್ಕೂಲಿಗೆ ಹೋದವರು ಸ್ವಾಮಿ" ಎಂದು ಮಗಳ ಸ್ಕೂಲ್ ಬೂಟಿನ ಬಿಲ್ಲು ನೋಡಿ ನನ್ನೆದುರು ಒಮ್ಮೆ ಗೋಳಾಡಿದರು. ಅವರಿಗೆ ಹಳೆಯ ಕಾನೂನಿನ ಮೇಲೆ ಅಪಾರ ಗೌರವ. ಯಾಕಿರಬಾರದು? 1955ರಿಂದ 2001ರವರೆಗೆ ಕೇಂದ್ರದ ಕಾಯ್ದೆಯಲ್ಲಿ ಜೀವನಾಂಶಕ್ಕೆ ತಿಂಗಳಿಗೆ 500 ರೂಪಾಯಿಯೇ ಗರಿಷ್ಠ ಮಿತಿ. ನಲವತ್ತಾರು ವರ್ಷ ಅಕ್ಕಿ, ಸೀಮೆಎಣ್ಣೆ, ಬಸ್ ಚಾರ್ಜು ಎಲ್ಲ ಏರಿದವು, ಮಕ್ಕಳ ಹೊಟ್ಟೆ ಮಾತ್ರ ಶಿಸ್ತಾಗಿ ಐನೂರರೊಳಗೇ ಇತ್ತು.

ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನದೊಳಗೆ 'ಸಾಧ್ಯವಾದಷ್ಟೂ' ಮುಗಿಸಬೇಕು ಎನ್ನುತ್ತದೆ ಕಾನೂನು. ಆ ಒಂದು ಪದದೊಳಗೆ ಎಷ್ಟು ವಾಯಿದೆ ಹಿಡಿಸುತ್ತದೆ ಎಂದು ವಕೀಲರನ್ನೇ ಕೇಳಬೇಕು. ಅದೂ ಎಣಿಕೆ ಶುರುವಾಗುವುದು ನೋಟಿಸ್ ಜಾರಿಯಾದ ಮೇಲೆ. ನೋಟಿಸ್ ಹಿಡಿದು ಕೋರ್ಟಿನ ಅಮೀನರು ಬಂದಾಗಲೆಲ್ಲ ಇವರ ಮನೆಗೆ ಬೀಗ, ಒಳಗೆ ಟೀವಿಯಲ್ಲಿ ಕ್ರಿಕೆಟ್ಟು. ಅಂತೂ ಆದೇಶ ಬರುವ ಹೊತ್ತಿಗೆ ಅರ್ಜಿಗೆ ಲಗತ್ತಿಸಿದ್ದ ಬಿಲ್ಲಿನ ಬೂಟು ಮೊದಲು ಕಾಲು ಕಚ್ಚಿ, ಆಮೇಲೆ ಬಾಯಿಬಿಟ್ಟು, ಗುಜರಿಯವನ ಗಾಡಿ ಸೇರಿಯಾಗಿತ್ತು. ಬಿಲ್ಲು ಮಾತ್ರ ಫೈಲಿನಲ್ಲಿ ಗರಿಗರಿಯಾಗಿದೆ.

ಕೊಡದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿದೆ. ಜೈಲಿಗೆ ಹೋಗಿಬಂದರೂ ಬಾಕಿ ತೀರುವುದಿಲ್ಲ ಎಂದು ಗೊತ್ತಾದ ದಿನ ನಮ್ಮವರು ಊಟ ಬಿಟ್ಟಿದ್ದರಂತೆ. ಆಮೇಲೆ ಪೇಪರಿನಲ್ಲಿ ಓದಿದ ಎರಡು ಸುದ್ದಿ ಅವರನ್ನು ಕಾಪಾಡಿತು. 2023ರಲ್ಲಿ ಜೈಪುರದಲ್ಲಿ ಒಬ್ಬ, ಹೆಂಡತಿಗೆ ಕೊಡಬೇಕಿದ್ದ ಬಾಕಿ 55,000 ರೂಪಾಯಿಯನ್ನು ಚಿಲ್ಲರೆಯಲ್ಲೇ ಮೂಟೆ ಕಟ್ಟಿ ಕೋರ್ಟಿಗೆ ತಂದ. ಮರುವರ್ಷ ಕೊಯಮತ್ತೂರಿನಲ್ಲಿ ಇನ್ನೊಬ್ಬ 80,000ದ ನಾಣ್ಯ ಹೊತ್ತು ತಂದ, ನ್ಯಾಯಾಧೀಶರು ನೋಟು ತಾ ಎಂದು ವಾಪಸ್ ಕಳಿಸಿದರು. 2011ರ ನಾಣ್ಯ ಕಾಯ್ದೆಯ ಪ್ರಕಾರ ರೂಪಾಯಿ ನಾಣ್ಯ ಒಂದು ಸಲಕ್ಕೆ 1,000 ರೂಪಾಯಿವರೆಗೆ ಮಾತ್ರ ಸಲ್ಲುತ್ತದೆ. ಆದರೆ ಇವರು ಸುದ್ದಿಯ ಮೊದಲರ್ಧವನ್ನಷ್ಟೇ ಓದಿದಂತಿದೆ.

ಯಾಕೆಂದರೆ ಮೊದಲೆಲ್ಲ ಕೋರ್ಟಿನಿಂದ ವಾಪಸ್ ಬಂದು, ಉಂಗುರ ಹಾಕಿಕೊಂಡು, ಎಳನೀರು ಕುಡಿದು, ನೂರರ ನೋಟು ಕೊಟ್ಟು "ಚಿಲ್ಲರೆ ನೀನೇ ಇಟ್ಕೊಳಪ್ಪ" ಅನ್ನುತ್ತಿದ್ದರು. ಈಚೆಗೆ ನಿಂತು ಎಣಿಸಿ ತೆಗೆದುಕೊಳ್ಳುತ್ತಾರೆ. ಒಂದು ರೂಪಾಯಿ ನಾಣ್ಯಗಳೇ ಆಗಬೇಕಂತೆ.