ಓದಿದ್ದಕ್ಕೆ ಸಾಕ್ಷಿ ಯಾಕೆ ಬೇಕು?

ನಮ್ಮ ಶಾಲೆಗಳಲ್ಲಿ ‘ಪುಸ್ತಕ ಪರಿಚಯ’ ಬರೆಸುವ ರೂಢಿ, ರಜೆಯ ಮನೆಗೆಲಸವಾಗಿಯೋ ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆಯ ನಡುನಡುವೆ ನಡೆಯುವ ಮೌಲ್ಯಮಾಪನ) ಚಟುವಟಿಕೆಯಾಗಿಯೋ, ಬಹುಕಾಲದಿಂದ ನಡೆದುಬಂದಿದೆ. ಮಕ್ಕಳ ಕೈಗೆ ಪಠ್ಯದಾಚೆಯ ಪುಸ್ತಕವೊಂದು ಬರಲಿ ಎಂಬ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದರ ನಮೂನೆಯ ಬಗ್ಗೆ: ಕೃತಿಯ ಹೆಸರು, ಲೇಖಕರ ಜನನ, ಜನ್ಮಸ್ಥಳ, ಪ್ರಶಸ್ತಿಗಳು, ಕಥಾಸಾರಾಂಶ, ಮುಖ್ಯ ಪಾತ್ರಗಳು, ಕಡೆಗೆ ‘ಈ ಕೃತಿಯಿಂದ ಕಲಿತ ನೀತಿ’. ಇಷ್ಟನ್ನು ತುಂಬಲು ಪುಸ್ತಕವನ್ನು ತೆರೆಯಲೇಬೇಕೆಂದಿಲ್ಲ. ಬೆನ್ನುಡಿ, ವಿಕಿಪೀಡಿಯ ಸಾಕು. ಹಿಂದೆ ಅಕ್ಕನ ಹಳೆಯ ನೋಟ್‌ಬುಕ್ ಮಾಡುತ್ತಿದ್ದ ಕೆಲಸವನ್ನು ಈಗ ಚಾಟ್‌ಜಿಪಿಟಿ ಮಾಡಿಕೊಡುತ್ತದೆ.

ತೇಜಸ್ವಿಯವರ ‘ಕರ್ವಾಲೊ’ವನ್ನೇ ತೆಗೆದುಕೊಳ್ಳೋಣ. 1980ರಲ್ಲಿ ಬಂದ ಈ ಕಾದಂಬರಿಯನ್ನು ಹೈಸ್ಕೂಲು ಮಕ್ಕಳಿಗೆ ಇಂದಿಗೂ ಧೈರ್ಯವಾಗಿ ಕೊಡಬಹುದು. ಜೇನಿನ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಇಂಥ ತಂಡ ಕಟ್ಟಿಕೊಂಡು ವಿಜ್ಞಾನಿಯೊಬ್ಬರು ಹಾರುವ ಓತಿಯನ್ನು ಹುಡುಕುತ್ತ ಕಾಡಿಗೆ ಹೊರಡುತ್ತಾರೆ. ಅಷ್ಟೆಲ್ಲ ಪಾಡುಪಟ್ಟ ಮೇಲೆ ಆ ಓತಿ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಇದರ ನೀತಿಯೇನು? ‘ನಾವು ಪರಿಸರವನ್ನು ಉಳಿಸಬೇಕು’ ಎಂದು ಬರೆದ ವಿದ್ಯಾರ್ಥಿಗೆ ಪೂರ್ಣಾಂಕ ಸಿಗುತ್ತದೆ. ಮಂದಣ್ಣನ ಪ್ರಸಂಗಗಳಿಗೆ ಬಿದ್ದು ಬಿದ್ದು ನಕ್ಕವನಿಗೂ, ಓತಿ ತಪ್ಪಿಸಿಕೊಂಡಿತಲ್ಲ ಎಂದು ಪುಸ್ತಕ ಮುಚ್ಚಿದ ಮೇಲೂ ಕೊರಗಿದವಳಿಗೂ ಆ ನಮೂನೆಯಲ್ಲಿ ಜಾಗವೇ ಇಲ್ಲ. ಕಿವಿ ಮುಂದೇನು ಮಾಡುತ್ತದೆ ಎಂಬ ಒಂದೇ ಕುತೂಹಲದಿಂದ ಪುಟ ತಿರುವುವ ಮಕ್ಕಳೂ ಇರುತ್ತಾರೆ. ಅದು ಓದಲ್ಲವೆನ್ನಲು ನಾವು ಯಾರು?

ಅಂಕದ ಆಮಿಷದ ಕುರಿತು ಯೋಚಿಸುವಾಗ ಹಳೆಯದೊಂದು ಪ್ರಯೋಗ ನೆನಪಾಗುತ್ತದೆ. ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾವಾಗಿಯೇ ಖುಷಿಯಿಂದ ಚಿತ್ರ ಬಿಡಿಸುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಬಹುಮಾನದ ಮಾತನ್ನು ಮೊದಲೇ ಹೇಳಿ ಚಿತ್ರ ಬಿಡಿಸಲು ಕೇಳಲಾಯಿತು. ಮುಂದೆ ಬಿಡುವಿನ ವೇಳೆಯಲ್ಲಿ ಗಮನಿಸಿದಾಗ, ಚಿತ್ರದ ಮೇಲಿನ ಆಸಕ್ತಿ ಉಳಿದವರಿಗಿಂತ ಆ ಮಕ್ಕಳಲ್ಲೇ ಕಡಿಮೆಯಾಗಿತ್ತು. ಚಿತ್ರಕ್ಕೂ ಓದಿಗೂ ವ್ಯತ್ಯಾಸವಿದೆ, ಒಪ್ಪುತ್ತೇನೆ. ಆದರೂ ಕಥೆಪುಸ್ತಕ ಹಿಡಿದ ಕೂಡಲೇ ‘ಇದನ್ನೂ ಬರೆಯಬೇಕಾ ಮಿಸ್?’ ಎಂದು ಕೇಳುವ ಮಕ್ಕಳನ್ನು ಕಂಡವರಿಗೆ ಈ ಫಲಿತಾಂಶ ಅಚ್ಚರಿ ತರಲಾರದು.

ಶಿಕ್ಷಕರನ್ನು ದೂರುವುದು ಸುಲಭ, ಆದರೆ ಅದು ನ್ಯಾಯವಲ್ಲ. ಪ್ರತಿ ಚಟುವಟಿಕೆಗೂ ದಾಖಲೆ ಕೇಳುವ ವ್ಯವಸ್ಥೆಯಲ್ಲಿ ಮಗು ನಕ್ಕಿತು ಎಂಬುದನ್ನು ಅವರು ಯಾವ ಕಡತಕ್ಕೆ ಸೇರಿಸಬೇಕು? ಪುಸ್ತಕಗಳ ಕೊರತೆಯೂ ಮೊದಲಿನಷ್ಟಿಲ್ಲ. ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಆರಂಭವಾದ ಮೇಲೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿದೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಹಣವಿಲ್ಲದೆ ಓದಲು ದೊರೆಯುತ್ತವೆ.

ಬರೆಯಿಸಲೇಬೇಕೆಂದಿದ್ದರೆ ಬರೆಯಿಸಲಿ, ಆದರೆ ಪುಸ್ತಕದ ಆಯ್ಕೆ ಮಗುವಿನದಾಗಿರಲಿ, ಪ್ರಶ್ನೆಯೂ ಒಂದೇ ಇರಲಿ: ಯಾವ ಪುಟವನ್ನು ಎರಡನೆಯ ಸಲ ಓದಿದೆ, ಅಥವಾ ಎಲ್ಲಿ ಬೇಸರ ಬಂತು? ‘ನನಗೆ ಹಿಡಿಸಲಿಲ್ಲ, ಅರ್ಧಕ್ಕೇ ಬಿಟ್ಟೆ, ಯಾಕೆಂದರೆ...’ ಎಂದು ಆರಂಭವಾಗುವ ಉತ್ತರಕ್ಕೂ ಪೂರ್ಣಾಂಕ ದೊರೆಯಬೇಕು. ಆ ಹುಡುಗನ ಕೈಗೆ ಮುಂದೆ ಯಾವ ಪುಸ್ತಕ ಕೊಡಬೇಕೆಂಬುದು ಶಿಕ್ಷಕರಿಗೆ ತಿಳಿಯುವುದು ಅಂಥ ಉತ್ತರದಿಂದಲೇ.